ಕೋಶದ ಗೋಡೆ, ಕೋಶದ ಬಾಗಿಲು

(ಮಲೆನಾಡಿನ ತೋಟಿಗರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಮನೆಗಳಲ್ಲಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವ ಕ್ರಮ ಎಲ್ಲರಿಗೂ ತಿಳಿದದ್ದೇ. ಭರಣಿಯಲ್ಲಿ ಒಂದು ಪದರ ಮಿಡಿ, ಅದರ ಮೇಲೆ ಒಂದು ಪದರ ಹರಳುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು. ಒಂದು ಹನಿ ನೀರನ್ನೂ ಸೇರಿಸುವುದಿಲ್ಲ. ಕೆಲವು ದಿನ ಕಳೆದು ಮುಚ್ಚಳ ತೆಗೆದರೆ ಗಟ್ಟಿಯಾಗಿದ್ದ ಮಿಡಿಗಳು ಚಿರುಟಿ ಸುಕ್ಕುಗಟ್ಟಿರುತ್ತವೆ. ಭರಣಿಯಲ್ಲಿ ಉಪ್ಪುನೀರು ತುಂಬಿರುತ್ತದೆ. ಯಾರೂ ಹಾಕದ ಈ ನೀರು ಎಲ್ಲಿಂದ ಬಂತು?

ಇನ್ನೊಂದು ಅಡುಗೆಮನೆಯ ಸಂಗತಿ. ಕೆಂಪು ಹರಿವೆ ಸೊಪ್ಪಿನ ಎಲೆಯನ್ನು ಕತ್ತರಿಸದೆ ತಣ್ಣೀರಿನಲ್ಲಿ ಎಷ್ಟು ತೊಳೆದರೂ ನೀರು ಕೆಂಪಾಗುವುದಿಲ್ಲ. ಅದೇ ಎಲೆಯನ್ನು ಕುದಿಯುವ ನೀರಿಗೆ ಹಾಕಿದರೆ ಕ್ಷಣಮಾತ್ರದಲ್ಲಿ ನೀರೆಲ್ಲ ಕೆಂಪು. ತಣ್ಣೀರಿನಲ್ಲಿ ಬಣ್ಣವನ್ನು ಹಿಡಿದಿಟ್ಟದ್ದು ಯಾವುದು? ಬಿಸಿನೀರಿನಲ್ಲಿ ಹರಿದುಹೋದದ್ದು ಯಾವುದು?

ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ: ಜೀವಕೋಶದ ಪೊರೆ. ಜೀವಕೋಶವೆಂಬುದು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಚಿತ್ರ ಬರೆದು ಭಾಗಗಳನ್ನು ಹೆಸರಿಸುವ ಪಾಠ. ಪರೀಕ್ಷೆ ಮುಗಿದ ಮೇಲೆ ಅದನ್ನು ನೆನೆಯುವವರು ಕಡಿಮೆ. ಆದರೆ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುನ್ನ ಯಾವ ಔಷಧಿ ಹೊಡೆಯಬೇಕು, ಯಾವುದನ್ನು ಹೊಡೆದರೆ ದುಡ್ಡು ದಂಡ, ಯಾವುದರಿಂದ ಹಳ್ಳದ ಮೀನಿಗೂ ಮಣ್ಣಿಗೂ ಕೇಡು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಈ ಪಾಠಕ್ಕೇ ಬಂದು ನಿಲ್ಲುತ್ತವೆ. ಆದುದರಿಂದ ಆ ಪಾಠವನ್ನು ತೋಟದ ದಾರಿಯಲ್ಲಿ ನಿಂತು ಮತ್ತೊಮ್ಮೆ ಓದುವುದು ಈ ಉಪನ್ಯಾಸದ ಉದ್ದೇಶ.

ಕಂಡವರು ಯಾರು?

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ತಾನೇ ಸಜ್ಜುಗೊಳಿಸಿದ ಸೂಕ್ಷ್ಮದರ್ಶಕದಲ್ಲಿ ಬೆಂಡಿನ ತೆಳುವಾದ ಹೋಳೊಂದನ್ನು ನೋಡಿದ. ಜೇನುಹಲ್ಲೆಯಂತೆ ಸಾಲುಸಾಲು ಕೋಣೆಗಳು ಕಂಡವು. ಅವುಗಳಿಗೆ ಕೋಶವೆಂದು ಹೆಸರಿಟ್ಟ. ಅವನು ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ. ಮನೆ ಇತ್ತು, ಒಳಗೆ ಯಾರೂ ಇರಲಿಲ್ಲ. ಕೆಲವೇ ವರ್ಷಗಳ ಬಳಿಕ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ಕೆರೆಯ ನೀರಿನಲ್ಲಿ ಓಡಾಡುವ ಜೀವಂತ ಏಕಕೋಶಗಳನ್ನು ಕಂಡ. 1831ರಲ್ಲಿ ರಾಬರ್ಟ್ ಬ್ರೌನ್ ಸಸ್ಯಕೋಶದೊಳಗಿನ ಕೇಂದ್ರಕ್ಕೆ ನ್ಯೂಕ್ಲಿಯಸ್ ಎಂಬ ಹೆಸರು ಕೊಟ್ಟ. 1838ರಲ್ಲಿ ಶ್ಲೈಡನ್ ಸಸ್ಯಗಳೆಲ್ಲ ಕೋಶಗಳಿಂದಾಗಿವೆ ಎಂದ. ಮರುವರ್ಷ ಶ್ವಾನ್ ಪ್ರಾಣಿಗಳೂ ಹಾಗೆಯೇ ಎಂದ. 1855ರಲ್ಲಿ ವಿರ್ಶೋ ಎಂಬ ವೈದ್ಯ, ಪ್ರತಿಯೊಂದು ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು ಸೇರಿಸಿದ.

ಈ ಕೊನೆಯ ಮಾತಿನ ಅರ್ಥ ದೊಡ್ಡದು. ತೋಟದ ಅಡಿಕೆ ಮರ, ಅದರ ಬುಡದ ಎರೆಹುಳು, ಅದರ ಕೊನೆಯನ್ನು ಕೊಳೆಸುವ ರೋಗಾಣು, ಅದನ್ನು ಹತ್ತುವ ಕೊನೆಗಾರ, ಇವರೆಲ್ಲರ ಕೋಶಗಳೂ ಎಲ್ಲಿಯೂ ಕಡಿಯದ ಒಂದೇ ಸಂತತಿಯ ಕುಡಿಗಳು. ಆದುದರಿಂದಲೇ ಒಂದನ್ನು ಕೊಲ್ಲುವ ವಿಷ ಇನ್ನೊಂದನ್ನು ಪೂರ್ತಿಯಾಗಿ ಬಿಡುವುದು ಅಪರೂಪ. ಯಾವುದು ಎಷ್ಟರಮಟ್ಟಿಗೆ ಬೇರೆ ಎಂಬ ವಿವೇಕವೇ ಸಸ್ಯಸಂರಕ್ಷಣೆಯ ತಿರುಳು.

ಮನೆಯೊಳಗಿನ ವ್ಯವಸ್ಥೆ

ಸಸ್ಯಕೋಶವನ್ನು ಹೊರಗಿನಿಂದ ಒಳಕ್ಕೆ ನೋಡುತ್ತ ಹೋಗಬಹುದು. ಎಲ್ಲಕ್ಕಿಂತ ಹೊರಗೆ ಕೋಶಭಿತ್ತಿ, ಎಂದರೆ ಗೋಡೆ. ಇದು ಸೆಲ್ಯುಲೋಸ್ ಎಂಬ ನಾರಿನ ನೇಯ್ಗೆ. ನೀರನ್ನೂ ಲವಣವನ್ನೂ ಇದು ತಡೆಯುವುದಿಲ್ಲ. ಆಕಾರ ಕೊಡುವುದು, ಒಳಗಿನ ಒತ್ತಡವನ್ನು ತಾಳಿಕೊಳ್ಳುವುದು ಇದರ ಕೆಲಸ. ಮತ್ತಿ, ಹೊನ್ನೆ, ನಂದಿ ಮರಗಳ ನಾಟಾ ಎಂದು ಮನೆ ಕಟ್ಟಲು ಬಳಸುವುದು ಬಹುಪಾಲು ಸತ್ತ ಕೋಶಗಳ ಗಟ್ಟಿಯಾದ ಗೋಡೆಗಳನ್ನೇ.

ಗೋಡೆಗೆ ಅಂಟಿಕೊಂಡು ಒಳಗೆ ಕೋಶಪೊರೆ ಇದೆ. ಕೊಬ್ಬಿನ ಅಣುಗಳು ಎರಡು ಪದರಗಳಾಗಿ ಜೋಡಿಸಿಕೊಂಡು, ನಡುನಡುವೆ ಪ್ರೋಟೀನುಗಳನ್ನು ಹುದುಗಿಸಿಕೊಂಡು ಆದ ಈ ಪೊರೆಯ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಗೋಡೆ ತಡೆಯದ್ದನ್ನು ಇದು ತಡೆಯುತ್ತದೆ. ನೀರನ್ನು ಬಿಡುತ್ತದೆ, ಉಪ್ಪು, ಸಕ್ಕರೆ, ಪೊಟ್ಯಾಷ್‌ಗಳನ್ನು ಸುಮ್ಮನೆ ಬಿಡದೆ ಪ್ರೋಟೀನುಗಳ ಬಾಗಿಲಿನ ಮೂಲಕ ಲೆಕ್ಕವಿಟ್ಟು ಬಿಡುತ್ತದೆ. ಭರಣಿಯಲ್ಲಿ ನಡೆದದ್ದು ಇದೇ. ಮಿಡಿಯ ಹೊರಗೆ ಉಪ್ಪು ಹೆಚ್ಚಾದಾಗ ಕೋಶಗಳೊಳಗಿನ ನೀರು ಪೊರೆಯನ್ನು ದಾಟಿ ಹೊರಬಂತು. ಇದಕ್ಕೆ ಅಭಿಸರಣವೆಂದು ಹೆಸರು. ನೀರು ಕಳೆದುಕೊಂಡ ಕೋಶ ಕೊನೆಗೆ ಸಾಯುತ್ತದೆ, ಪೊರೆ ಕೆಡುತ್ತದೆ, ಆಗ ಉಪ್ಪು ಒಳನುಗ್ಗಿ ಮಿಡಿ ಉಪ್ಪಾಗುತ್ತದೆ. ಕೊಳೆಸುವ ಸೂಕ್ಷ್ಮಜೀವಿಯ ಕೋಶವೂ ಆ ಉಪ್ಪುನೀರಿನಲ್ಲಿ ನೀರು ಕಳೆದುಕೊಳ್ಳುವುದರಿಂದಲೇ ಮಿಡಿ ವರ್ಷಗಟ್ಟಲೆ ಉಳಿಯುತ್ತದೆ. ಗಿಡದ ಬುಡಕ್ಕೆ ಒಮ್ಮೆಲೇ ಯೂರಿಯಾ ಸುರಿದರೆ ಬೇರು ಸುಟ್ಟಂತಾಗುವುದೂ ಇದೇ ನಿಯಮದಿಂದ. ಭರಣಿಯಲ್ಲಿ ಬೇಕೆಂದು ಮಾಡಿದ್ದನ್ನು ತೋಟದಲ್ಲಿ ತಿಳಿಯದೆ ಮಾಡಿದಂತಾಗುತ್ತದೆ.

ಬಲಿತ ಸಸ್ಯಕೋಶದ ಹೆಚ್ಚಿನ ಜಾಗವನ್ನು ರಸದಾನಿ ಎಂಬ ದೊಡ್ಡ ಚೀಲ ತುಂಬಿಕೊಂಡಿರುತ್ತದೆ. ಅಪ್ಪೆಮಿಡಿಯ ಹುಳಿ, ಹರಿವೆಯ ಕೆಂಪು ಇರುವುದು ಇದರಲ್ಲಿ. ಇದಕ್ಕೂ ತನ್ನದೇ ಪೊರೆಯಿದೆ. ತಣ್ಣೀರಿನಲ್ಲಿ ಆ ಪೊರೆ ಗಟ್ಟಿ. ಕುದಿನೀರಿನಲ್ಲಿ ಅದು ಹರಿಯುತ್ತದೆ, ಬಣ್ಣ ಹೊರಬರುತ್ತದೆ. ರಸದಾನಿ ನೀರಿನಿಂದ ತುಂಬಿ ಗೋಡೆಯನ್ನು ಒತ್ತುತ್ತಿರುವವರೆಗೆ ಸೊಪ್ಪು ಸೆಟೆದು ನಿಂತಿರುತ್ತದೆ. ನೀರು ಇಳಿದರೆ ಬಾಡುತ್ತದೆ.

ಕೋಶದ ನಡುವೆಯೋ ಒಂದು ಬದಿಗೋ ನ್ಯೂಕ್ಲಿಯಸ್ ಇದೆ. ಇದರೊಳಗಿನ ವರ್ಣತಂತುಗಳಲ್ಲಿ ಡಿ.ಎನ್.ಎ. ರೂಪದಲ್ಲಿ ವಂಶದ ಬರಹವಿದೆ. ಮನುಷ್ಯನಿಗೆ 46 ವರ್ಣತಂತುಗಳು, ಅಡಿಕೆಗೆ 32, ಈರುಳ್ಳಿಗೆ 16. ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಜೀವಿ ದೊಡ್ಡದೆಂದಲ್ಲ. ಬೇರಿನ ಕೋಶದಲ್ಲೂ ಎಲೆಯ ಕೋಶದಲ್ಲೂ ಬರಹ ಒಂದೇ. ಯಾವ ಪುಟವನ್ನು ಓದಬೇಕೆಂಬುದಷ್ಟೇ ಬೇರೆ. ಬಾಳೆಯ ಕಂದಿನ ತುದಿಯ ಪುಟ್ಟ ತುಣುಕಿನಿಂದ ಅಂಗಾಂಶ ಕೃಷಿಯಲ್ಲಿ ಪೂರ್ಣ ಗಿಡಗಳನ್ನು ಪಡೆಯಲು ಸಾಧ್ಯವಾಗಿರುವುದು ಈ ಕಾರಣದಿಂದ. ಬರಹದ ನಕಲು ನ್ಯೂಕ್ಲಿಯಸ್‌ನಿಂದ ಹೊರಬಂದು ರೈಬೋಸೋಮ್ ಎಂಬ ಅತಿ ಸಣ್ಣ ಕಮ್ಮಟಗಳಿಗೆ ಹೋಗುತ್ತದೆ. ಅಲ್ಲಿ ಪ್ರೋಟೀನು ತಯಾರಾಗುತ್ತದೆ. ಆ ಬರಹದ ಲಿಪಿಯನ್ನು ಬಿಡಿಸಿದ ಕೆಲಸಕ್ಕಾಗಿ ಭಾರತದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ 1968ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರು ಸಹವಿಜ್ಞಾನಿಗಳೊಂದಿಗೆ ಹಂಚಿಕೊಂಡರು.

ಹಸಿರು ಕೋಶದಲ್ಲಿ ಕ್ಲೋರೋಪ್ಲಾಸ್ಟ್‌ಗಳಿವೆ. ಬಿಸಿಲು, ನೀರು, ಗಾಳಿಯ ಇಂಗಾಲಾಮ್ಲದಿಂದ ಸಕ್ಕರೆ ಮಾಡುವ ಅಡುಗೆಮನೆ ಇದು. ಆ ಸಕ್ಕರೆಯನ್ನು ಹದವಾಗಿ ಉರಿಸಿ ಶಕ್ತಿ ತೆಗೆಯುವ ಒಲೆಗಳು ಮೈಟೋಕಾಂಡ್ರಿಯಾಗಳು. ಈ ಶಕ್ತಿಯನ್ನು ಕೋಶದೊಳಗೆ ಹೊತ್ತು ತಿರುಗುವ ಎ.ಟಿ.ಪಿ. ಎಂಬ ಅಣುವನ್ನು 1929ರಲ್ಲಿ ಜರ್ಮನಿಯಲ್ಲಿ ಲೋಮನ್, ಅಮೆರಿಕದಲ್ಲಿ ಫಿಸ್ಕ್ ಮತ್ತು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಪ್ರತ್ಯೇಕವಾಗಿ ಕಂಡುಹಿಡಿದರು. ಈ ಒಲೆಗೂ ಅಡುಗೆಮನೆಗೂ ತಮ್ಮದೇ ಡಿ.ಎನ್.ಎ. ಇದೆ. ಒಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾಗಳು ಇನ್ನೊಂದು ಕೋಶದೊಳಗೆ ಬಂದು ನೆಲೆಸಿ ಮನೆಯವರೇ ಆದುವು ಎಂದು 1967ರಲ್ಲಿ ಲಿನ್ ಮಾರ್ಗುಲಿಸ್ ವಾದಿಸಿದರು. ಆಗ ಹುಬ್ಬೇರಿಸಿದ ವಿಜ್ಞಾನಲೋಕ ಇಂದು ಅದನ್ನು ಒಪ್ಪಿದೆ.

ಎಲೆಯ ಅಡಿಯಲ್ಲಿ ಪತ್ರರಂಧ್ರಗಳಿವೆ. ಪ್ರತಿ ರಂಧ್ರದ ಎರಡೂ ಬದಿಗೆ ಕಾವಲು ಕೋಶಗಳು. ಅವುಗಳ ಪೊರೆ ಪೊಟ್ಯಾಸಿಯಮ್ಮನ್ನು ಒಳಗೆಳೆದುಕೊಂಡಾಗ ನೀರು ಅದನ್ನು ಹಿಂಬಾಲಿಸುತ್ತದೆ, ಕೋಶ ಉಬ್ಬಿ ರಂಧ್ರ ತೆರೆಯುತ್ತದೆ. ಪೊಟ್ಯಾಸಿಯಮ್ ಹೊರಹೋದರೆ ರಂಧ್ರ ಮುಚ್ಚುತ್ತದೆ. ಪೊಟ್ಯಾಷ್ ಕೊರತೆಯ ಗಿಡ ಬೇಸಿಗೆಯಲ್ಲಿ ಬೇಗ ಸೋಲುವುದಕ್ಕೆ ಇದೊಂದು ಕಾರಣ. ಬೂದಿಯಲ್ಲಿ ಪೊಟ್ಯಾಷ್ ಇದೆ. ಒಲೆಯ ಬೂದಿಯನ್ನು ತೋಟಕ್ಕೆ ಹಾಕುತ್ತಿದ್ದ ಹಿರಿಯರು ಕಾವಲು ಕೋಶದ ಹೆಸರು ಕೇಳದೆಯೇ ಅದರ ಬಾಗಿಲನ್ನು ಕಾಯುತ್ತಿದ್ದರು.

ರೋಗ ಯಾರದು, ಕೋಶ ಎಂಥದು?

ಈಗ ತೋಟದ ನಾಲ್ಕು ರೋಗಗಳನ್ನು ಕೋಶದ ಕಣ್ಣಿನಿಂದ ನೋಡಬಹುದು. ಮಲೆನಾಡಿನಲ್ಲಿ ಇವುಗಳ ಹೆಸರು ಕೇಳದವರಿಲ್ಲ: ಅಡಿಕೆಯ ಕೊಳೆರೋಗ, ಅಡಿಕೆಯ ಎಲೆಚುಕ್ಕಿ ರೋಗ, ಅಡಿಕೆಯ ಹಳದಿ ಎಲೆ ರೋಗ, ಏಲಕ್ಕಿಯ ಕಟ್ಟೆರೋಗ. ಗಿಡ ಕೆಡುವುದು ನಾಲ್ಕರಲ್ಲೂ ಸಮಾನ. ಆದರೆ ಕೆಡಿಸುವವರು ನಾಲ್ಕು ಬೇರೆ ಬೇರೆ ಜಾತಿಯವರು.

ಎಲೆಚುಕ್ಕಿ ರೋಗವನ್ನು ತರುವುದರಲ್ಲಿ ಮುಖ್ಯವಾದದ್ದು ಕೊಲೆಟೋಟ್ರೈಕಮ್ ಎಂಬ ನಿಜವಾದ ಶಿಲೀಂಧ್ರ. ಅದರ ಗೋಡೆಯಲ್ಲಿರುವುದು ಕೈಟಿನ್, ಏಡಿಯ ಚಿಪ್ಪಿನಲ್ಲಿರುವ ವಸ್ತು. ಅದರ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ಅಣು ಇದ್ದೇ ತೀರಬೇಕು. ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್ ಮುಂತಾದ ಔಷಧಿಗಳು ಆ ಅಣುವಿನ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಪೊರೆ ಕಟ್ಟಲಾಗದೆ ಶಿಲೀಂಧ್ರ ಸೋಲುತ್ತದೆ.

ಕೊಳೆರೋಗದ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತೆಯೇ ಇದೆ. ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟಿನಂತೆ ಹಬ್ಬುತ್ತದೆ. ಆದರೆ ಅದು ಶಿಲೀಂಧ್ರವಲ್ಲ. ಅದರ ಗೋಡೆಯಲ್ಲಿ ಸಸ್ಯದಂತೆ ಸೆಲ್ಯುಲೋಸ್ ಇದೆ. ಅದರ ಹತ್ತಿರದ ನೆಂಟರು ಸಮುದ್ರದ ಕಂದು ಪಾಚಿಗಳು. ಅದು ಎರ್ಗೋಸ್ಟೆರಾಲನ್ನು ತಾನು ತಯಾರಿಸುವುದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಜಡಿದರೆ ಏನು ಪ್ರಯೋಜನ? ಎಲೆಚುಕ್ಕಿಗೆ ಕೆಲಸ ಮಾಡಿದ ಔಷಧಿಯನ್ನು ಮಳೆಗಾಲದಲ್ಲಿ ಕೊಳೆಗೂ ಹೊಡೆದು, ಕಾಯಿ ಉದುರುವುದು ನಿಲ್ಲಲಿಲ್ಲವೆಂದು ಮತ್ತೊಮ್ಮೆ ಹೊಡೆದು, ಸೋತು ಕೈಚೆಲ್ಲುವವರು ಈ ಒಂದು ವ್ಯತ್ಯಾಸವನ್ನು ತಿಳಿದಿದ್ದರೆ ಹಣವೂ ಶ್ರಮವೂ ಉಳಿಯುತ್ತಿತ್ತು.

ಶೃಂಗೇರಿ, ಕೊಪ್ಪ ಸೀಮೆಯ ತೋಟಗಳನ್ನು ದಶಕಗಳಿಂದ ಹಿಂಡುತ್ತಿರುವ ಹಳದಿ ಎಲೆ ರೋಗದೊಂದಿಗೆ ಕಂಡುಬಂದಿರುವುದು ಫೈಟೋಪ್ಲಾಸ್ಮಾ. ಇದು ಗೋಡೆಯೇ ಇಲ್ಲದ, ಪೊರೆ ಮಾತ್ರ ಇರುವ ಅತಿ ಸಣ್ಣ ಬ್ಯಾಕ್ಟೀರಿಯಾ ಜಾತಿಯ ಕೋಶ. ಮರದ ಸಕ್ಕರೆ ಹರಿಯುವ ನಾಳದೊಳಗೆ ಇದರ ವಾಸ. ಎಲೆಯ ಮೇಲೆ ಹೊಡೆದ ತಾಮ್ರ ಅಲ್ಲಿಗೆ ತಲುಪುವುದಿಲ್ಲ. ರೋಗದ ನಡುವೆಯೂ ಹಸಿರಾಗಿ ಉಳಿದ ಮರಗಳನ್ನು ಗುರುತಿಸಿ ಅವುಗಳ ಸಂತತಿಯನ್ನು ಬೆಳೆಸುವ ಪ್ರಯತ್ನ ಸಂಶೋಧಕರಿಂದ ನಡೆದಿದೆ. ಅಂಥ ಮರವೊಂದು ಯಾವುದೇ ತೋಟದಲ್ಲಿದ್ದರೂ ಅದು ಕಡಿಯುವ ಮರವಲ್ಲ, ಕಾಯುವ ಮರ.

ಕಟ್ಟೆರೋಗದ ಕಾರಣ ವೈರಸ್. ಅದು ಕೋಶವೇ ಅಲ್ಲ. ಗೋಡೆಯಿಲ್ಲ, ರೈಬೋಸೋಮ್ ಇಲ್ಲ, ಒಲೆಯಿಲ್ಲ. ವಂಶದ ಬರಹದ ಒಂದು ತುಣುಕು ಮತ್ತು ಅದಕ್ಕೊಂದು ಪ್ರೋಟೀನಿನ ಹೊದಿಕೆ. ಏಲಕ್ಕಿಯ ಕೋಶದೊಳಗೆ ಹೊಕ್ಕು ಅದರ ಕಮ್ಮಟದಲ್ಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಅದನ್ನು ಕೊಲ್ಲಲು ಹೊರಟರೆ ಏಲಕ್ಕಿಯ ಕೋಶವನ್ನೇ ಕೊಲ್ಲಬೇಕಾಗುತ್ತದೆ. ಆದುದರಿಂದ ರೋಗದ ಹಿಂಡನ್ನು ಕಿತ್ತು ನಾಶಮಾಡುವುದು, ಅದನ್ನು ಹರಡುವ ಸಸ್ಯಹೇನನ್ನು ಹತೋಟಿಯಲ್ಲಿಡುವುದು, ರೋಗವಿಲ್ಲದ ಸಸಿ ನೆಡುವುದು, ಇಷ್ಟೇ ದಾರಿ. ಯಾವ ಡಬ್ಬಿಯಲ್ಲೂ ಇದಕ್ಕೆ ಔಷಧಿಯಿಲ್ಲ. ಇದೆಯೆಂದು ಮಾರುವವರಿದ್ದರೆ ಅವರ ಮಾತು ನಂಬತಕ್ಕದ್ದಲ್ಲ.

ಈಜುವ ಕೋಶ ಮತ್ತು ತಾಮ್ರ

ಕೊಳೆರೋಗದ ಕೋಶವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಮಳೆ ಹಿಡಿದು, ಕಾಯಿಯ ಮೇಲೆ ನೀರಿನ ಪಸೆ ನಿಂತಾಗ ಫೈಟಾಫ್ತೊರಾ ಈಜುವ ಬೀಜಾಣುಗಳನ್ನು ಬಿಡುತ್ತದೆ. ಪ್ರತಿ ಬೀಜಾಣುವಿಗೆ ಚಾಟಿಯಂಥ ಎರಡು ಎಳೆಗಳು. ಆ ಹೊತ್ತಿನಲ್ಲಿ ಅದಕ್ಕೆ ಗೋಡೆಯಿಲ್ಲ, ತೆಳುಪೊರೆ ಮಾತ್ರ. ನೀರಿನಲ್ಲಿ ಈಜಿ, ಕಾಯಿಯ ಮೈ ಸಿಕ್ಕಿದ ಕೂಡಲೇ ಎಳೆಗಳನ್ನು ಕಳಚಿ, ಗೋಡೆ ಕಟ್ಟಿಕೊಂಡು, ಮೊಳೆತು ಒಳನುಗ್ಗುತ್ತದೆ. ಒಳಹೊಕ್ಕ ಮೇಲೆ ಅದು ಅಡಿಕೆಯ ಕೋಶಗಳ ಗೋಡೆ ಕರಗಿಸಿ ರಸ ಹೀರುತ್ತದೆ. ಕೊಳೆಯೆಂದು ಕಾಣುವುದು ಪೊರೆ ಹರಿದು ರಸ ಸೋರಿದ ಅಡಿಕೆಯ ಕೋಶಗಳನ್ನೇ.

ಈ ಜೀವನಕ್ರಮದಲ್ಲಿ ದುರ್ಬಲ ಘಳಿಗೆ ಒಂದೇ: ಗೋಡೆಯಿಲ್ಲದೆ ನೀರಿನಲ್ಲಿ ಈಜುವ ಆ ಸ್ವಲ್ಪ ಹೊತ್ತು. ಹಳೆಯ ತಲೆಮಾರಿನವರು ಅಡಿಕೆ ಕೊನೆಗೆ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. ಕಾಯಿ ನೆನೆಯದಿದ್ದರೆ ಈಜಲು ನೀರಿಲ್ಲ. ಈಜದ ಬೀಜಾಣು ಕಾಯಿಯನ್ನು ಮುಟ್ಟುವುದಿಲ್ಲ. ಇಂದು ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರೂ ಅದೇ ತತ್ತ್ವವನ್ನು ಪಾಲಿಸುತ್ತಿದ್ದಾರೆ.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೋಗಕಾರಕ ಫೈಟಾಫ್ತೊರಾ ಎಂದು ಗುರುತಿಸಿ, ಮಳೆಗೆ ಮುನ್ನ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ರೂಢಿಗೆ ತಂದ ಕೀರ್ತಿ ಅವರದು. ಆ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ದಾರಿಬದಿಯ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದ. ದ್ರಾಕ್ಷಿಯ ಆ ರೋಗಾಣುವೂ ಫೈಟಾಫ್ತೊರಾದ ದಾಯಾದಿಯೇ. ಆಲೂಗಡ್ಡೆಯನ್ನು ಕೊಳೆಸಿ 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮವನ್ನು ತಂದದ್ದೂ ಇದೇ ಕುಲದ್ದು.

ಬೋರ್ಡೋದಲ್ಲಿರುವ ತಾಮ್ರ ಸುಣ್ಣದೊಡನೆ ಸೇರಿ ನೀರಿನಲ್ಲಿ ಸುಲಭವಾಗಿ ಕರಗದ ರೂಪದಲ್ಲಿ ಕಾಯಿಯ ಮೇಲೆ ಅಂಟಿರುತ್ತದೆ. ಮಳೆಹನಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಈಜುವ ಬೀಜಾಣು ಆ ತಾಮ್ರವನ್ನು ಒಳಗೆಳೆದುಕೊಂಡರೆ ಅದು ಪ್ರೋಟೀನುಗಳಲ್ಲಿನ ಗಂಧಕದ ಭಾಗಗಳಿಗೆ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ಒಂದೇ ಪ್ರೋಟೀನನ್ನಲ್ಲ, ಅನೇಕವನ್ನು ಒಮ್ಮೆಗೇ. ಆದುದರಿಂದ ಒಂದು ಶತಮಾನ ಕಳೆದರೂ ಬೋರ್ಡೋ ಕೆಲಸಕ್ಕೆ ಬರುತ್ತಿದೆ. ಒಂದೇ ಪ್ರೋಟೀನನ್ನು ಗುರಿಯಿಟ್ಟು ಹೊಡೆಯುವ ಹೊಸ ಔಷಧಿಗಳನ್ನು ಪದೇಪದೇ ಬಳಸಿದರೆ ರೋಗಾಣು ಆ ಒಂದನ್ನು ಬದಲಿಸಿಕೊಂಡು ತಪ್ಪಿಸಿಕೊಳ್ಳುವ ಅಪಾಯವಿದೆ.

ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಬೋರ್ಡೋ ಕಾಯುವ ಔಷಧಿ, ಗುಣಪಡಿಸುವ ಔಷಧಿಯಲ್ಲ. ರೋಗಾಣು ಕಾಯಿಯೊಳಗೆ ಹೊಕ್ಕ ಮೇಲೆ ಹೊರಗಿನ ತಾಮ್ರ ಅದನ್ನು ಮುಟ್ಟುವುದಿಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಮಳೆಯ ಬಿಡುವಿನಲ್ಲಿ ಇನ್ನೊಮ್ಮೆ, ಕಾಯಿಯ ಎಲ್ಲ ಕಡೆ ತಾಗುವಂತೆ ಹೊಡೆದರೆ ಸಾಧಾರಣ ವರ್ಷಕ್ಕೆ ಸಾಕು. ರೋಗ ಬಂದ ಮೇಲೆ ಗಾಬರಿಯಿಂದ ಐದಾರು ಸಲ ಹೊಡೆಯುವುದು ಇದಕ್ಕೆ ಸಮನಾಗದು.

ತಾಮ್ರ ಹೋಗುವುದೆಲ್ಲಿಗೆ?

ತಾಮ್ರ ಬರಿಯ ವಿಷವೆಂದು ತಿಳಿಯುವುದೂ ತಪ್ಪು. ಕ್ಲೋರೋಪ್ಲಾಸ್ಟಿನಲ್ಲಿ ಬೆಳಕಿನ ಶಕ್ತಿಯನ್ನು ಸಾಗಿಸುವ ಒಂದು ಪ್ರೋಟೀನಿನಲ್ಲಿ ತಾಮ್ರವಿದೆ. ಮೈಟೋಕಾಂಡ್ರಿಯಾದ ಕೊನೆಯ ಕಿಣ್ವದಲ್ಲೂ ತಾಮ್ರವಿದೆ. ಅದಿಲ್ಲದೆ ಮನುಷ್ಯನ ಉಸಿರೂ ನಡೆಯದು. ಬೇಕಾದ ಅಳತೆಯಲ್ಲಿ, ಬೇಕಾದ ಜಾಗದಲ್ಲಿ ಅದು ಪೋಷಕ. ಅಳತೆ ಮೀರಿದರೆ ಮಾರಕ.

ತೊಂದರೆ ಇರುವುದು ಇಲ್ಲಿ: ತಾಮ್ರ ಮೂಲಧಾತು. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಶೇಕಡಾ 1ರ ದ್ರಾವಣದ ಲೆಕ್ಕ. ಒಂದು ಎಕರೆಗೆ ವರ್ಷಕ್ಕೆ 1000 ಲೀಟರ್ ಹೊಡೆದರೆ 10 ಕಿಲೋ ಮೈಲುತುತ್ತ, ಅಂದರೆ ಎರಡೂವರೆ ಕಿಲೋ ತಾಮ್ರ ತೋಟ ಸೇರುತ್ತದೆ. ಹೆಕ್ಟೇರಿನ ಲೆಕ್ಕದಲ್ಲಿ ಅದು 6 ಕಿಲೋ ದಾಟುತ್ತದೆ. ಯುರೋಪಿನ ದ್ರಾಕ್ಷಿತೋಟಗಳ ಮಣ್ಣಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ತಾಮ್ರ ಸೇರಿಕೊಂಡದ್ದನ್ನು ಕಂಡು, ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋಗಿಂತ ಹೆಚ್ಚು ತಾಮ್ರ ಬಳಸಬಾರದೆಂದು ಯುರೋಪಿಯನ್ ಒಕ್ಕೂಟ 2018ರಲ್ಲಿ ಮಿತಿ ಹಾಕಿತು. ಅದು ವರ್ಷಕ್ಕೆ ಸರಾಸರಿ 4 ಕಿಲೋ. ಆ ಮಿತಿ ಇಲ್ಲಿನ ಕಾನೂನಲ್ಲ. ಇಲ್ಲಿನ ಮಳೆಯೂ ಮಣ್ಣೂ ಬೇರೆ. ಆದರೂ ಪ್ರತಿಯೊಬ್ಬ ತೋಟಿಗನೂ ತನ್ನ ತೋಟಕ್ಕೆ ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡತಕ್ಕದ್ದು.

ಮಣ್ಣು ಸತ್ತ ವಸ್ತುವಲ್ಲ. ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಕೋಶಗಳಿವೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯ ಒಂದು ಮುಖ್ಯ ಭಾಗ ಅಂಥ ಕೋಶಗಳು ತಯಾರಿಸಿದ ವಸ್ತು. ಬೇರಿನ ಕೋಶದೊಳಗೆ ಕವಲೊಡೆದು ನೆಲೆಸುವ ಒಂದು ಬಗೆಯ ಶಿಲೀಂಧ್ರ ದೂರದ ರಂಜಕವನ್ನು ತಂದು ಮರಕ್ಕೆ ಕೊಟ್ಟು ಸಕ್ಕರೆ ಪಡೆಯುತ್ತದೆ. ಇವುಗಳಿಗೂ ಪೊರೆಯಿದೆ, ಪ್ರೋಟೀನಿದೆ, ಗಂಧಕದ ಭಾಗವಿದೆ. ತಾಮ್ರಕ್ಕೆ ಮಿತ್ರರೆಂದೂ ಶತ್ರುಗಳೆಂದೂ ಭೇದವಿಲ್ಲ. ಮಲೆನಾಡಿನ ಮಣ್ಣು ಹುಳಿ ಸ್ವಭಾವದ್ದು. ಹುಳಿ ಹೆಚ್ಚಿದಷ್ಟೂ ತಾಮ್ರ ಸಡಿಲವಾಗಿ ಕೋಶಗಳಿಗೆ ತಾಗುತ್ತದೆ. ಸೊಪ್ಪು, ದರಕು, ಗೊಬ್ಬರದ ಕೊಳೆತ ಅಂಶ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೊಪ್ಪಿನ ಬೆಟ್ಟ ಬೋಳಾದರೆ ತೋಟಕ್ಕೆ ಗೊಬ್ಬರ ಮಾತ್ರ ಕಡಿಮೆಯಾಗುವುದಿಲ್ಲ, ತಾಮ್ರದಿಂದ ಮಣ್ಣನ್ನು ಕಾಯುವ ರಕ್ಷೆಯೂ ಕಡಿಮೆಯಾಗುತ್ತದೆ.

ತೋಟದ ಬಸಿಗಾಲುವೆಯ ನೀರು ಹಳ್ಳ ಸೇರುತ್ತದೆ. ಮೀನಿನ ಕಿವಿರಿನ ಕೋಶಗಳು ನೀರಿನಿಂದ ಸೋಡಿಯಮ್ಮನ್ನು ಒಳಗೆಳೆದುಕೊಂಡು ದೇಹದ ಲವಣವನ್ನು ಕಾಯುತ್ತವೆ. ತಾಮ್ರ ಆ ಬಾಗಿಲನ್ನು ಕಟ್ಟುತ್ತದೆ. ಕಿವಿರಿನಿಂದ ಉಸಿರಾಡುವ ಗೊದಮೊಟ್ಟೆಗಳಿಗೂ ತಾಮ್ರ ಅಪಾಯಕಾರಿ. ಉತ್ತರ ಕನ್ನಡದ ಕತ್ತಲೆಕಾನಿನ ಸುತ್ತಲಿನ ತೊರೆಗಳಿಂದ 2014ರಲ್ಲಿ ವಿಜ್ಞಾನಿಗಳು ವಿವರಿಸಿದ ಕುಂಬಾರ ಕಪ್ಪೆ ತನ್ನ ಮೊಟ್ಟೆಗಳಿಗೆ ಮುಂಗಾಲಿನಿಂದ ಮಣ್ಣು ಮೆತ್ತುತ್ತದೆ. ಪ್ರತಿ ಮೊಟ್ಟೆಯೂ ಮೊದಲಿಗೆ ಒಂದೇ ಒಂದು ಕೋಶ. ಅದಕ್ಕೊಂದು ತೆಳುಪೊರೆ, ಅದರ ಸುತ್ತ ಲೋಳೆ, ಅದರ ಮೇಲೆ ತಂದೆಯ ಕೈಯ ಮಣ್ಣು. ಔಷಧಿಯ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವ ಒಂದು ಗಳಿಗೆಯ ಅಲಕ್ಷ್ಯಕ್ಕೆ ಆ ಮೂರು ರಕ್ಷೆಗಳೂ ಸಾಲುವುದಿಲ್ಲ.

ಮಾಡಬಹುದಾದದ್ದು

ಬೋರ್ಡೋ ಬಿಡಬೇಕೆಂದು ಈ ಮಾತಿನ ಅರ್ಥವಲ್ಲ. ಒಂದು ಮಳೆಗಾಲದ ಕೊಳೆ ಒಂದು ಸಂಸಾರದ ವರ್ಷದ ಆದಾಯವನ್ನು ನೆಲಕ್ಕೆ ಕೆಡವಬಲ್ಲದು. ಅದನ್ನು ಅನುಭವಿಸಿದವರಿಗೆ ಉಪದೇಶ ಬೇಕಿಲ್ಲ. ಬೇಕಾದದ್ದು ಹದ. ದ್ರಾವಣವನ್ನು ಪ್ಲಾಸ್ಟಿಕ್ ಇಲ್ಲವೆ ಮಣ್ಣಿನ ಪಾತ್ರೆಯಲ್ಲಿ ಮಾಡಬೇಕು, ಕಬ್ಬಿಣದ್ದು ಕೂಡದು. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆ ಬೇರೆಯಾಗಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿದಾಗ ಕೆಂಪು ಲೇಪ ಹಿಡಿದರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣ ಬೇಕು, ಇಲ್ಲವಾದರೆ ಆ ತಾಮ್ರ ಅಡಿಕೆಯ ಕೋಶವನ್ನೇ ಸುಡುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಉದುರಿದ ಕೊಳೆಗಾಯಿಗಳನ್ನು ಹೆಕ್ಕಿ ತೋಟದಿಂದ ಹೊರಹಾಕಬೇಕು. ಪ್ರತಿ ಕಾಯಿಯೂ ಮುಂದಿನ ಈಜುಗಾರರ ಮನೆ. ಬಸಿಗಾಲುವೆ ತೆರೆದಿರಬೇಕು. ಕೈಗೆಟಕುವ ಗಿಡ್ಡ ಮರಗಳಿಗೂ ಹಳ್ಳದ ಅಂಚಿನ ಮರಗಳಿಗೂ ಸಾಧ್ಯವಾದಷ್ಟು ಕೊಟ್ಟೆ ಕಟ್ಟಿದರೆ ಅಲ್ಲಿ ತಾಮ್ರ ಉಳಿಯುತ್ತದೆ. ಮೆಣಸಿನ ಬಳ್ಳಿಯ ಬುಡಕ್ಕೆ ಟ್ರೈಕೋಡರ್ಮಾ ಎಂಬ ಮಿತ್ರ ಶಿಲೀಂಧ್ರ ಹಾಕುವವರು ಅದನ್ನೂ ತಾಮ್ರವನ್ನೂ ಒಂದೇ ಹೊತ್ತಿಗೆ ಸುರಿಯಬಾರದು.

ವಿದ್ಯಾರ್ಥಿ ಮಿತ್ರರಿಗೆ ಎರಡು ಕೆಲಸ. ಈರುಳ್ಳಿಯ ಒಳಪೊರೆಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿಟ್ಟು, ಪಕ್ಕದಿಂದ ಒಂದು ಹನಿ ಉಪ್ಪುನೀರು ಬಿಟ್ಟು ನೋಡಬಹುದು. ಗೋಡೆ ಇದ್ದಲ್ಲೇ ಇದ್ದು, ಪೊರೆ ಗೋಡೆಯಿಂದ ಬಿಟ್ಟುಕೊಂಡು ಕುಗ್ಗುವುದು ಕಾಣುತ್ತದೆ. ತಕ್ಷಣ ಸಿಹಿನೀರು ಹನಿಸಿದರೆ ಅದು ಮತ್ತೆ ಉಬ್ಬುತ್ತದೆ. ಅದು ಜೀವಂತವೆಂಬುದಕ್ಕೆ ಸಾಕ್ಷಿ. ಎರಡನೆಯದು, ಹಿತ್ತಲಿನ ಅಲಸಂದೆಯ ಗಿಡವೊಂದನ್ನು ಮಣ್ಣುಸಹಿತ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡುವುದು. ಒಳಗೆ ನಸುಗೆಂಪು ಇದ್ದರೆ ಬೇರಿನ ಕೋಶದೊಳಗೆ ಕುಳಿತ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತಿವೆ. ಆ ಕೆಂಪು ರಕ್ತದ ಹಿಮೊಗ್ಲೋಬಿನ್ನಿನ ನೆಂಟ. ಗಂಟು ಬೆಳ್ಳಗೆ ಇಲ್ಲವೆ ಹಸಿರಾಗಿದ್ದರೆ ಅಲ್ಲಿ ಕೆಲಸ ನಡೆಯುತ್ತಿಲ್ಲ. ತೋಟದ ಬೇರೆ ಬೇರೆ ಮೂಲೆಗಳಲ್ಲಿ ಬೆಳೆದ ಗಿಡಗಳನ್ನು ಹೀಗೆ ಹೋಲಿಸಿ ಬರೆದಿಟ್ಟರೆ, ಯಾವ ಮೂಲೆಯ ಮಣ್ಣನ್ನು ಹೆಚ್ಚು ಗಮನಿಸಬೇಕೆಂಬುದಕ್ಕೆ ಒಂದು ಸುಳಿವು ಸಿಕ್ಕೀತು.

ಮನೆಯ ಹಿರಿಯರು ಬರುವ ಮಳೆಗಾಲಕ್ಕೆ ಮುನ್ನ ಅಂಗಡಿಗೆ ಔಷಧಿ ತರಲು ಹೊರಟಾಗ, ಶಾಲೆಗೆ ಹೋಗುವ ಮಕ್ಕಳು ಒಂದು ಪ್ರಶ್ನೆ ಕೇಳಲಿ: ಈ ಔಷಧಿ ಯಾವ ರೋಗಾಣುವಿಗೆ, ಅದರ ಕೋಶದ ಯಾವ ಭಾಗಕ್ಕೆ? ಉತ್ತರ ಸಿಗುವವರೆಗೆ ಡಬ್ಬಿ ಕಪಾಟಿನಲ್ಲೇ ಇರಲಿ.